ಅಂಗಡಿಯೂ ನನ್ನದೇ, ಡಂಗುರವೂ ನನ್ನದೇ

ಚನ್ನಪಟ್ಟಣದ ಅರಗಿನ ಗೊಂಬೆಗಳನ್ನು ಮಾರುವ ನಾನು, ಗೂಗಲ್‌ನ ಜಾಹೀರಾತನ್ನೂ ಸ್ವತಃ ನೋಡಿಕೊಳ್ಳುವೆನೆಂದು ಹೊರಟೆ. ಜನ ಹುಡುಕುವ ಮಾತಿಗೆ ಹರಾಜಿನಲ್ಲಿ ಬೆಲೆ ಕೂಗುವುದು, ಜಾಹೀರಾತನ್ನು ಒತ್ತಿದವರ ಲೆಕ್ಕಕ್ಕೆ ಹಣ ತೆರುವುದು: 2002ರಿಂದ ಅಲ್ಲಿ ನಡೆದುಬಂದ ಪದ್ಧತಿಯಿದು.

‘ಗೊಂಬೆ’ ಎಂಬ ಒಂದೇ ಪದವನ್ನು ನಂಬಿದೆ. ವಾರದೊಳಗೆ ಎರಡು ಸಾವಿರ ರೂಪಾಯಿ ಕರಗಿತು; ಒಂದು ಗೊಂಬೆಯೂ ಬಿಕರಿಯಾಗಲಿಲ್ಲ. ಬಂದವರಲ್ಲಿ ದಸರೆಯ ಗೊಂಬೆಗಳ ಚಿತ್ರ ಬೇಕಾದವರು ಕೆಲವರು, ಗೊಂಬೆಯಾಟದ ಕಥೆ ಬೇಕಾದವರು ಕೆಲವರು!

ಅಂದಿನಿಂದ ಪ್ರತಿರಾತ್ರಿಯೂ, ಜನ ಏನೆಂದು ಹುಡುಕಿ ಬಂದರೆಂಬ ಪಟ್ಟಿಯನ್ನು ಮುಂದಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ‘ಚಿತ್ರ’, ‘ಕಥೆ’, ‘ಉಚಿತ’ ಎಂಬ ಮಾತುಗಳನ್ನು ಹೊರಗಿಡುತ್ತಿದ್ದೇನೆ. ಕಣ್ಣು ಸೋತು, ಬೇರೆಯವರಿಗೆ ವಹಿಸಿಬಿಡೋಣವೆಂದು ಎಷ್ಟೋ ಸಲ ಅನ್ನಿಸಿದ್ದುಂಟು.

ಮೊನ್ನೆ ಆ ಪಟ್ಟಿಯಲ್ಲಿ ‘ಆರು ತಿಂಗಳ ಮಗುವಿಗೆ ಮರದ ಗಿಲಕಿ’ ಎಂಬ ಸಾಲು ಕಂಡಿತು. ಅಂದೇ ಒಂದು ಗಿಲಕಿ ಮಾರಾಟವಾಗಿತ್ತು. ಇಷ್ಟು ದಿನ ನಾನು ಅದನ್ನೂ ಗೊಂಬೆಯೆಂದೇ ಕರೆಯುತ್ತಿದ್ದೆ.