ಹದಿನಾಲ್ಕು ದಿನದ ಹಾಳೆ

ಆಳಂದದಿಂದ ಖಜೂರಿ ಕಡೆಗೆ ಹೋಗುವ ದಾರಿಯ ಊರೊಂದರಲ್ಲಿ, ನಿವೃತ್ತ ಹವಾಲ್ದಾರರೊಬ್ಬರ ಕರಿ ಟ್ರಂಕಿನಿಂದ ಹೊರಬಂದ ಒಂದು ಹಾಳೆ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಅದರಲ್ಲಿ ಹದಿನಾಲ್ಕು ಸಾಲುಗಳಿವೆ. ಸಾಲಿಗೊಂದು ತಾರೀಖು, ಎದುರಿಗೆ ಆ ದಿನ ಮಾಡಿದ ಕೆಲಸ: ಬೆಳಗಿನ ಪಿ.ಟಿ., ಸ್ಟೋರ್ ಡ್ಯೂಟಿ, ಸಂಜೆ ರೋಲ್‌ಕಾಲ್, ಕೆಲವು ರಾತ್ರಿ ಗಾರ್ಡ್. ಕೆಳಗೆ ಅಧಿಕಾರಿಯ ಸಹಿ, ಮೊಹರು. 2010ರಲ್ಲಿ, ಮೂವತ್ತಾರನೇ ವಯಸ್ಸಿಗೆ, ಈ ಹವಾಲ್ದಾರರಿಗೆ ಹೃದಯಾಘಾತವಾಯಿತು. ಅದಕ್ಕೆ ಹಿಂದಿನ ಎರಡು ವಾರಗಳ ದಿನಚರಿ ಇದು.

ವೈದ್ಯಕೀಯ ದರ್ಜೆ ಕೆಳಗಿಳಿದು 2012ರಲ್ಲಿ ಅವರು ಊರಿಗೆ ಮರಳಿದರು. ಬಿಡುಗಡೆಯ ಹೊತ್ತಿಗೆ ಕೂತ ವೈದ್ಯಕೀಯ ಮಂಡಳಿ ಅವರ ಅಂಗವೈಕಲ್ಯ ಶೇ 30, ಅದೂ ಜೀವನಪೂರ್ತಿ ಎಂದು ಒಪ್ಪಿತು. ಆದರೆ ರೋಗ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಷರಾ ಬರೆದು ಅಂಗವೈಕಲ್ಯ ಪಿಂಚಣಿಯ ದಾರಿ ಮುಚ್ಚಿತು. ಕಾರಣ ಎರಡೇ ಸಾಲು. ಆಘಾತವಾದದ್ದು ಯುದ್ಧಭೂಮಿಯಿಂದ ದೂರದ ಶಾಂತಿ ಠಾಣೆಯಲ್ಲಿ; ಹದಿನಾಲ್ಕು ದಿನದ ಹಾಳೆಯಲ್ಲಿ ಅಸಾಧಾರಣ ಒತ್ತಡ ಕಾಣುವುದಿಲ್ಲ.

"ಹದಿನಾಲ್ಕ್ ದಿನದಾಗ ಏನ್ ಮಾಡೀನಿ ಅಂತ ಬರದಾರ ಸರ. ಹದಿನೆಂಟ್ ವರ್ಷದಾಗ ಏನ್ ಮಾಡೀನಿ ಅಂತ ಯಾರೂ ಕೇಳಿಲ್ಲ" ಎಂದರು. ಕಾರ್ಗಿಲ್‌ನ 1999ರ ಬೇಸಿಗೆ, ಸಂಸತ್ತಿನ ಮೇಲಿನ ದಾಳಿಯ ನಂತರ ರಾಜಸ್ಥಾನದ ಮರಳಿನಲ್ಲಿ ಕಳೆದ ತಿಂಗಳುಗಳು, ಆಮೇಲೆ ರಾಷ್ಟ್ರೀಯ ರೈಫಲ್ಸ್ ಜೊತೆ ಕಾಶ್ಮೀರ. ಇವೆಲ್ಲ ಅವರ ಸೇವಾ ದಾಖಲೆಯಲ್ಲಿವೆ, ಹಾಳೆಯಲ್ಲಿಲ್ಲ. ಒಳಗಿನಿಂದ ಅವರ ಹೆಂಡತಿ ದನಿ ಸೇರಿಸಿದರು: "ರಜೆಕ್ಕ ಬಂದಾಗೂ ಇವ್ರು ರಾತ್ರಿ ಮೂರಕ್ಕ ಎದ್ದು ಕುಂದರ್ತಿದ್ರು. ಅದನ್ನ ಯಾರ್ ಬರ್ಕೊಳ್ತಾರ್ರಿ?"

ಇಂಥ ಹಾಳೆ ಕೇಳುವ ಪದ್ಧತಿ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದೆ. ಸೇನಾ ವೈದ್ಯರಿಗೆಂದು ಪಿಂಚಣಿಯ ಮಾರ್ಗದರ್ಶಿಯೊಂದಿತ್ತು. 2002ರದು, 2008ರಲ್ಲಿ ತಿದ್ದುಪಡಿಯಾಯಿತು, 2023ರವರೆಗೆ ಜಾರಿಯಲ್ಲಿತ್ತು. ಅದರ ಆರನೇ ಅಧ್ಯಾಯದ 47ನೇ ಪರಿಚ್ಛೇದ ಹೃದಯದ ರಕ್ತನಾಳಗಳ ರೋಗಕ್ಕೆ ಮೀಸಲು. ಓದುತ್ತ ಹೋದಂತೆ ನನಗೆ ಅಚ್ಚರಿ. ಅದನ್ನು ಬರೆದವರಿಗೆ ಸೈನಿಕನ ಬದುಕು ಚೆನ್ನಾಗಿ ಗೊತ್ತಿತ್ತು. ಗಡಿಯ, ಹಿಮಾಲಯದ ಎತ್ತರದ ಸೇವೆಯಲ್ಲಿ ಒಂಟಿತನ, ಹೆಂಡತಿ ಮಕ್ಕಳಿಂದ ದೂರ, ಎರಡೆರಡು ಸಂಸಾರದ ಖರ್ಚು, ಮಕ್ಕಳ ಓದಿಗೆ ಅಡಚಣೆ, ಮನೆಯವರ ಭದ್ರತೆಯ ಚಿಂತೆ, ಗುಂಪಿನಲ್ಲೇ ಬಾಳಬೇಕಾದ ಕಟ್ಟುಪಾಡು ಇವೆಲ್ಲ ಹೃದಯಕ್ಕೆ ಗಂಡಾಂತರ ಎಂದು ಅದೇ ಒಪ್ಪುತ್ತದೆ. ದೀರ್ಘಕಾಲದ ಒತ್ತಡ ದೇಹವನ್ನು ಸದಾ ಎಚ್ಚರದ ಸ್ಥಿತಿಯಲ್ಲಿ ಬಿಗಿದಿಡುತ್ತದೆ ಎಂಬ ವೈದ್ಯಕೀಯ ವಿವರಣೆಯೂ ಅಲ್ಲಿದೆ. ಹೀಗೆ ವರ್ಷಗಳ ಒತ್ತಡವನ್ನು ಕಂಡ ಅದೇ ಪರಿಚ್ಛೇದ, ತೀರ್ಪಿನ ಹೊತ್ತಿಗೆ ಹದಿನಾಲ್ಕು ದಿನಗಳ ಕೆಲಸದ ಪಟ್ಟಿಯನ್ನು ಕೇಳುತ್ತಿತ್ತು!

ಎರಡು ವಾರದ ಲೆಕ್ಕದಲ್ಲಿ ಅರ್ಥವಿಲ್ಲವೆಂದಲ್ಲ. ರಕ್ತನಾಳದೊಳಗಿನ ಕೊಬ್ಬಿನ ಗಡ್ಡೆ ಒಡೆಯಲು ವಿಪರೀತ ಶ್ರಮ ನೆಪವಾಗಬಹುದು. ಆ ನೆಪ ಇತ್ತೀಚಿನದೇ ಆಗಿರುತ್ತದೆ. ಆದರೆ ಗಡ್ಡೆ ಕಟ್ಟುವುದು ಎರಡು ವಾರದಲ್ಲಲ್ಲ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿ 1953ರಲ್ಲಿ ವರದಿ ಮಾಡಿದರು. ಸರಾಸರಿ ವಯಸ್ಸು 22. ಶೇ 77ರಷ್ಟು ಮಂದಿಯ ಹೃದಯ ರಕ್ತನಾಳಗಳಲ್ಲಿ ಆಗಲೇ ರೋಗದ ಗುರುತಿತ್ತು. ಭರ್ತಿಯ ದಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟವರಿಗೆ ಕೇಳಿಸದ ರೋಗ ಅದು, ಮುಂದೆ ಹತ್ತಿಪ್ಪತ್ತು ವರ್ಷ ಬೆಳೆಯುವಂಥದ್ದು. ಹಾಗಿರುವಾಗ ಆ ವರ್ಷಗಳು ಎಲ್ಲಿ, ಹೇಗೆ ಕಳೆದವು ಎಂದು ಕೇಳದೆ ತೀರ್ಪು ಕೊಡುವುದು ಹೇಗೆ?

ನಾನು ಆ ಹಾಳೆಯನ್ನು ಮತ್ತೆ ಮತ್ತೆ ಓದಿದೆ. ಹನ್ನೊಂದನೇ ಸಾಲಿನಲ್ಲಿ ಕಣ್ಣು ನಿಂತಿತು. ಅಲ್ಲಿ ಬಿ.ಪಿ.ಇ.ಟಿ. ಎಂದಷ್ಟೇ ಇದೆ. ಸೈನಿಕರ ಯುದ್ಧ ದೈಹಿಕ ಕ್ಷಮತೆಯ ಪರೀಕ್ಷೆ ಅದು: ಬೆನ್ನಿಗೆ ಹೊರೆ, ಕೈಯಲ್ಲಿ ರೈಫಲ್, 5 ಕಿ.ಮೀ. ಓಟ, ನಂತರ ಹಗ್ಗ ಹತ್ತುವುದು, ಒಂಬತ್ತು ಅಡಿಯ ಕಂದಕ ಜಿಗಿಯುವುದು. ಅದಾದ ಮೂರೇ ದಿನಕ್ಕೆ ಈ ಮನುಷ್ಯ ಎದೆ ಹಿಡಿದುಕೊಂಡು ಕುಸಿದಿದ್ದಾರೆ. ಮಂಡಳಿಗೆ ಇದು ಮಾಮೂಲಿ ತರಬೇತಿ. ಎಲ್ಲರೂ ಮಾಡುವುದು, ಆದ್ದರಿಂದ ಅಸಾಧಾರಣವಲ್ಲ. ಪಟ್ಟಣದ ಯಾವ ಗುಮಾಸ್ತನಿಗೆ ಇದು ಮಾಮೂಲಿ? ಸೈನಿಕನ ಒತ್ತಡವನ್ನು ಇನ್ನೊಬ್ಬ ಸೈನಿಕನ ಪಕ್ಕದಲ್ಲಿಟ್ಟು ತೂಗಿದರೆ ಸೇನೆಯಲ್ಲಿ ಯಾರಿಗೂ ಒತ್ತಡವೇ ಇಲ್ಲವೆಂದಾಗುತ್ತದೆ. ನನ್ನ ತಕರಾರು ಇಲ್ಲಿಯೇ.

ಇದರರ್ಥ ಪ್ರತಿ ಹೃದಯಾಘಾತಕ್ಕೂ ಸೇನೆಯೇ ಕಾರಣ ಎಂದಲ್ಲ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ತಂಬಾಕು, ಸಕ್ಕರೆ ಕಾಯಿಲೆ, ವಂಶಪಾರಂಪರ್ಯ ಎಲ್ಲವೂ ಇವೆ. ನಮ್ಮ ಹವಾಲ್ದಾರರೂ ಒಂದು ಕಾಲಕ್ಕೆ ಬೀಡಿ ಸೇದಿದವರೇ. ಮಂಡಳಿ ಅದನ್ನು ಬರೆದಿದ್ದರೆ ಅದಕ್ಕೆ ಉತ್ತರ ಕೊಡಬಹುದಿತ್ತು. ಬರೆದದ್ದು ಠಾಣೆಯ ಹೆಸರು ಮತ್ತು ಹದಿನಾಲ್ಕು ದಿನ ಮಾತ್ರ.

ಕಾನೂನಿನ ಕಥೆ ಪತ್ರಿಕೆ ಓದುವವರಿಗೆ ಅಷ್ಟಿಷ್ಟು ತಿಳಿದೇ ಇದೆ. ಈ ಪಿಂಚಣಿಯ 1982ರ ನಿಯಮಗಳು ಸೈನಿಕನ ಪರ ವಾಲಿದ್ದವು: ಭರ್ತಿಯ ವೇಳೆ ರೋಗ ದಾಖಲಾಗಿರದಿದ್ದರೆ ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಸಾಬೀತಿನ ಹೊಣೆ ಸೈನಿಕನದ್ದಲ್ಲ, ಸಂಶಯದ ಲಾಭ ಅವನಿಗೇ. 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದು ಮೂರ್ಛೆರೋಗದ ಪ್ರಕರಣ, ಆದರೂ ಹೃದ್ರೋಗಿಗಳ ಅರ್ಜಿಗಳೆಲ್ಲ ಅದನ್ನೇ ಆಧರಿಸಿ ನಿಲ್ಲುತ್ತವೆ. 2008ರ ನಿಯಮಗಳು ಆ ಭಾವನೆಯನ್ನು ತೆಳುಗೊಳಿಸಿದವು. 2023ರ ಸೆಪ್ಟೆಂಬರ್‌ನಲ್ಲಿ ಇನ್ನೂ ಬಿಗಿಯಾದ ಹೊಸ ನಿಯಮಗಳು ಬಂದವು. ಆದರೂ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, 2008ರ ನಿಯಮಗಳ ಅಡಿಯಲ್ಲೂ ಮಂಡಳಿ ಕಾರಣ ಕೊಡಲೇಬೇಕು, ಶಾಂತಿ ಠಾಣೆಯಲ್ಲಿ ರೋಗ ಬಂತೆನ್ನುವುದೊಂದೇ ಸಾಲದು ಎಂದಿತು. ಅಲ್ಲಿ ರೋಗ ಮಧುಮೇಹ. ತರ್ಕ ಮಾತ್ರ ಆಳಂದದ ಹಾಳೆಗೆ ನೇರವಾಗಿ ತಾಗುತ್ತದೆ.

ದುಡ್ಡಿನ ಲೆಕ್ಕ ಹೀಗೆ. ಶೇ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30. ಶೇ 20ಕ್ಕಿಂತ ಕಡಿಮೆಯಿದ್ದರೆ ಏನೂ ಇಲ್ಲ. 20ರಿಂದ 50ರೊಳಗಿದ್ದರೆ 50 ಎಂದೇ ಎಣಿಕೆ. ಅವಧಿ ಮುಗಿಸಿ ಬಂದವರಿಗೂ ಇದು ಸಲ್ಲುತ್ತದೆಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಕೊನೆಯ ವೇತನ 40,000 ರೂಪಾಯಿ ಇದ್ದವರಿಗೆ ತಿಂಗಳಿಗೆ 6,000 ರೂಪಾಯಿ, ಮೇಲೆ ತುಟ್ಟಿ ಪರಿಹಾರ. ತೊಗರಿ ಕೈಕೊಟ್ಟ ವರ್ಷದಲ್ಲಿ ಆರು ಸಾವಿರ ಎಂದರೇನೆಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಮನೆಯೊಂದರಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಮುಖ. ಮಗ ಬ್ಯಾರಕ್‌ನಲ್ಲಿ ಮಲಗಿದಲ್ಲೇ ಹೃದಯ ನಿಂತು ತೀರಿಕೊಂಡ. ಸೊಸೆಗೆ ಬರುತ್ತಿರುವುದು ಸಾಮಾನ್ಯ ಕುಟುಂಬ ಪಿಂಚಣಿ, ವೇತನದ ಶೇ 30. ಸಾವು ಸೇವೆಗೆ ಸಂಬಂಧಿಸಿದ್ದೆಂದು ಒಪ್ಪಿದ್ದರೆ ವಿಶೇಷ ಕುಟುಂಬ ಪಿಂಚಣಿ, ಶೇ 60. ಸತ್ತವನ ಹದಿನಾಲ್ಕು ದಿನಗಳನ್ನು ಆಕೆ ಎಲ್ಲಿಂದ ತರಬೇಕು? ಜೇವರ್ಗಿಯಲ್ಲಿ ಬ್ಯಾಂಕಿನ ಗಾರ್ಡ್ ಆಗಿರುವ ಮಾಜಿ ಸೈನಿಕರೊಬ್ಬರು ಅರ್ಜಿಯನ್ನೇ ಹಾಕಿಲ್ಲ. "ಯಾರ್ ಓಡ್ಯಾಡ್ತಾರ ಬಿಡ್ರಿ" ಎಂಬುದು ಅವರ ಮಾತು. ಅಂಥವರು ಒಂದು ಸಂಗತಿ ತಿಳಿಯಬೇಕು: 2008ರ ನಿಯಮಗಳ ಪ್ರಕಾರ ನಿವೃತ್ತಿಯಾಗಿ 15 ವರ್ಷ ದಾಟಿದ ಮೇಲೆ ಕೇಳಿದರೆ ಸಾಬೀತಿನ ಹೊಣೆ ಕೇಳಿದವನ ತಲೆಗೇ ಬರುತ್ತದೆ. ತಡವಾಗಿ ಗೆದ್ದರೂ ಬಾಕಿ ಹಣ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷದ್ದಷ್ಟೇ; 2008ರ ತರ್ಸೇಮ್ ಸಿಂಗ್ ತೀರ್ಪು ಹಾಗಿದೆ.

ಮೊದಲ ಮೇಲ್ಮನವಿಗೆ ಆರು ತಿಂಗಳು, ನಂತರ ಎರಡನೆಯದು, ಎರಡೂ ಕಾಗದದ ಮೇಲೆಯೇ. ಅವು ಬಿದ್ದುಹೋದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2009ರಲ್ಲಿ ಕೆಲಸ ಆರಂಭಿಸಿದ ಈ ಮಂಡಳಿಯಲ್ಲಿ ಕರ್ನಾಟಕ ಸೇರುವುದು ಕೊಚ್ಚಿ ಪೀಠಕ್ಕೆ. ಕಲಬುರಗಿಯಲ್ಲಿ ಹೈಕೋರ್ಟ್ ಪೀಠವಿದೆ. 2024ರ ಡಿಸೆಂಬರ್‌ನಲ್ಲಿ ಜಯದೇವದ 371 ಹಾಸಿಗೆಗಳ ಆಸ್ಪತ್ರೆಯೂ ತೆರೆಯಿತು. ಹೃದಯಕ್ಕೆ ಚಿಕಿತ್ಸೆ ಈಗ ಹತ್ತಿರ. ಆ ಹೃದಯದ ಪಿಂಚಣಿಗೆ ಮಾತ್ರ ಸಾವಿರ ಕಿ.ಮೀ.ಗೂ ಹೆಚ್ಚು ದೂರದ ಪೀಠ. ಬೆಂಗಳೂರಿನ ಅಧಿಕಾರಿಯೊಬ್ಬರು ವಕೀಲರನ್ನಿಟ್ಟು ಗೆಲ್ಲುವ ಮೊಕದ್ದಮೆಯನ್ನು ಆಳಂದದ ಹವಾಲ್ದಾರರಂಥವರು ಬಸ್ಸಿನ ಖರ್ಚು ಎಣಿಸಿ ಕೈಬಿಡುವಂತಾಗುತ್ತದೆ. ಇದು ನ್ಯಾಯವಲ್ಲ. ಕಲಬುರಗಿಯಲ್ಲಿ ವರ್ಷಕ್ಕೊಮ್ಮೆಯಾದರೂ ಸಂಚಾರಿ ಪೀಠ ಕೂರಬೇಕು.

ಹವಾಲ್ದಾರರ ಎರಡನೇ ಮೇಲ್ಮನವಿಯೂ ವಜಾ ಆಗಿದೆ. ಈಗ ಅವರು 1994ರಿಂದ ತಾವು ಸೇವೆ ಮಾಡಿದ ಪ್ರತಿ ಜಾಗದ ದಾಖಲೆ ಕೇಳಿ ರೆಕಾರ್ಡ್ ಆಫೀಸಿಗೆ ಬರೆದಿದ್ದಾರೆ; ಅದು ಕೈಗೆ ಬಂದರೆ ಕೊಚ್ಚಿಗೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದ್ದಾರೆ. ಅವರ ಅಣ್ಣನ ಮಗ ಅಗ್ನಿವೀರನಾಗಲು ಬೆಳಿಗ್ಗೆ ಓಡುತ್ತಾನೆ. ಅಗ್ನಿವೀರರಿಗೆ ಪಿಂಚಣಿ ಇಲ್ಲ. ಅಂಗವೈಕಲ್ಯ ಸೇವೆಯಿಂದಲೇ ಎಂದು ಒಪ್ಪಿದರೆ ಶೇ 100ಕ್ಕೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ ರೂಪಾಯಿ ಒಂದೇ ಕಂತಿನಲ್ಲಿ ಸಿಗುತ್ತದೆ. ಒಪ್ಪದಿದ್ದರೆ ಅದೂ ಇಲ್ಲ. "ಭರ್ತಿ ಆದ ಮರುದಿನದಿಂದ ಒಂದ್ ಡೈರಿ ಇಡು. ಎಲ್ಲಿದ್ದಿ, ಏನ್ ಡ್ಯೂಟಿ, ಎಷ್ಟ್ ತಾಸ್ ನಿದ್ದಿ, ಎಲ್ಲಾ ಬರಿ" ಎಂದು ಚಿಕ್ಕಪ್ಪ ಹುಡುಗನಿಗೆ ಆಗಲೇ ಹೇಳಿಟ್ಟಿದ್ದಾರೆ.