ಸೆಪ್ಟೆಂಬರ್ 17ರ ರೀಲಿಗೆ ಹಳೇ ಹಾಡು, ಹಳೇ ವಾರ್ತಾಚಿತ್ರ

ಸೆಪ್ಟೆಂಬರ್ 17, ನಮ್ಮ ವಿಮೋಚನಾ ದಿನ ಬಂತಂದ್ರ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಎಲ್ಲರ ಸ್ಟೇಟಸ್‌ನಾಗೂ ಸಿನಿಮಾ ಹಾಡು. ಕಾಪಿರೈಟ್ ಬೀಳ್ತದ, ರೀಲ್ ಮ್ಯೂಟ್ ಆಗ್ತದ!

ಬ್ಯಾರೆ ದಾರಿ ಅದ, ನೋಡ್ರಿ. ನಮ್ಮ 1957ರ ಕಾಯ್ದೆ ಪ್ರಕಾರ ಧ್ವನಿಮುದ್ರಿಕೆ, ಸಿನಿಮಾ ಎರಡಕ್ಕೂ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ ಅಷ್ಟೇ. ಆ ದಿನಕ್ಕ ಕಾರಣವಾದ ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆ ಆದಾಗ, 1948ರಾಗ ಟಾಕೀಸಿನಾಗ ತೋರಿಸಿದ ವಾರ್ತಾಚಿತ್ರದ ಹಕ್ಕು ನಮ್ಮ ದೇಶದಾಗ 2008ಕ್ಕೇ ಮುಗೀತು.

ಸಂಗೀತ ಬೇಕಾ? 1937ರಾಗ ತೀರಿಕೊಂಡ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರನ್ನ ಹುಡುಕ್ರಿ. ಇಂಟರ್ನೆಟ್ ಆರ್ಕೈವ್‌ನಾಗ ಅವರ 78 ಆರ್‌ಪಿಎಂ ಪ್ಲೇಟುಗಳ ಧ್ವನಿ ಸಿಗ್ತದ. ಒಂದು ಬದಿಗೆ ಮೂರೇ ಚಿಲ್ಲರೆ ನಿಮಿಷ. ಅಷ್ಟರಾಗ ಇಡೀ ರಾಗದ ಮುಖ ತೋರಿಸಿಬಿಡ್ತಾರ! ಆ ಚರಚರ ಸದ್ದು ಅಳಿಸಬ್ಯಾಡ್ರಿ, ನನಗಂತೂ ಅದೇ ಛಂದ.

ಒಂದು ಹುಷಾರಿ. ಇಂಗ್ಲೆಂಡಿನ ವಾರ್ತಾಚಿತ್ರ ಕಂಪನಿ ಪಾಥೆ ಯೂಟ್ಯೂಬಿಗೆ ಹಾಕಿದ್ದನ್ನ ಕತ್ತರಿಸಬ್ಯಾಡ್ರಿ, ಬರೇ ಲಿಂಕ್ ಕೊಡ್ರಿ. ಬ್ಯಾರೆ ದೇಶದಾಗ ಹಕ್ಕು ಇನ್ನೂ ಇರಬಹುದು. ಹೊಸ ಮ್ಯೂಸಿಕ್ ಕೂಡಿಸಿದ್ದೂ ಬ್ಯಾಡ. ಕೆಳಗ ಕಲಾವಿದರ ಹೆಸರು, ವರ್ಷ ಬರೀರಿ.

ಮತ್ತ ವಾಡಿ, ಶಹಾಬಾದಿನವರೇ, ನಿಮ್ಮ ಮನಿ ಅಟ್ಟದಾಗ ಹಳೇ ಪ್ಲೇಟು ಇದ್ರ ನಡುವಿನ ಲೇಬಲ್ ಫೋಟೊ ತೆಗೀರಿ. ಅದರ ಮ್ಯಾಲಿನ ನಂಬರಿನಿಂದಲೇ ಎಷ್ಟೋ ಸಲ ವರ್ಷ ಗೊತ್ತಾಗ್ತದ.