ಮಕ್ಕಳಲ್ಲಿ ಹೃದಯ ವೈಫಲ್ಯ: ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ

ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದೆಂಬ ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ದೇಹಕ್ಕೆ ಅಗತ್ಯವಿರುವಷ್ಟು ರಕ್ತವನ್ನು ಹೃದಯವು ಪೂರೈಸಲಾರದ ಸ್ಥಿತಿಗೆ ಈ ಹೆಸರಿದೆ. ಕುಡಿಯುವ ನೀರಿನ ಪಂಪು ಹಗಲಿರುಳು ಓಡುತ್ತಿದ್ದರೂ, ಕೊಳವೆ ಒಡೆದು ನೀರು ಮರಳಿ ಕೆಳತೊಟ್ಟಿಗೇ ಬೀಳುತ್ತಿದ್ದರೆ ಮೇಲಿನ ಟ್ಯಾಂಕು ತುಂಬುವುದಿಲ್ಲ. ಕಡೆಗೆ ಮೋಟಾರೇ ಸೋಲುತ್ತದೆ. ಹೃದಯದ ಗೋಡೆಯಲ್ಲಿ ದೊಡ್ಡ ರಂಧ್ರವಿರುವ ಶಿಶುವಿನಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಆಗುತ್ತದೆ.

ಶಿಶುವು ನಡೆಯುವುದಿಲ್ಲ, ಮೆಟ್ಟಿಲು ಹತ್ತುವುದಿಲ್ಲ. ಅದರ ದುಡಿಮೆಯೆಂದರೆ ಹಾಲು ಕುಡಿಯುವುದು. ಆದುದರಿಂದ ದೋಷವು ಮೊದಲು ಅಲ್ಲಿಯೇ ಕಾಣಿಸಿಕೊಳ್ಳುತ್ತದೆ. ಕುಡಿಯುತ್ತಾ ನಡುನಡುವೆ ನಿಲ್ಲಿಸಿ ಏದುಸಿರು ಬಿಡುವುದು, ಹಣೆ ಬೆವರುವುದು, ತೂಕ ಏರದಿರುವುದು, ಮತ್ತೆ ಮತ್ತೆ ನ್ಯುಮೋನಿಯಾ ಬರುವುದು ಇದರ ಲಕ್ಷಣಗಳು. 2ರಿಂದ 12 ತಿಂಗಳ ಶಿಶುವು ಶಾಂತವಾಗಿರುವಾಗಲೂ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ದೃಷ್ಟಿಯಾಗಿದೆಯೆಂದು ತಾಯತ ಕಟ್ಟಿಸುವುದರಲ್ಲಿ ಅಥವಾ ತಾಯಿಗೆ ಹಾಲು ಸಾಲದೆಂದು ಬಾಟಲಿ ಹಿಡಿಸುವುದರಲ್ಲಿ ವಾರಗಳು ಕಳೆದುಹೋಗುತ್ತವೆ.

ಜನಿಸುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಇವೆಲ್ಲವೂ ವೈಫಲ್ಯಕ್ಕೆ ತಿರುಗುವುದಿಲ್ಲ. ಗರ್ಭದ ಮೊದಲ ಮೂರು ತಿಂಗಳಲ್ಲಿ ತಾಯಿಗೆ ರುಬೆಲ್ಲಾ ತಗಲುವುದು, ಹತೋಟಿಯಲ್ಲಿಲ್ಲದ ಮಧುಮೇಹ, ಮೂರ್ಛೆರೋಗದ ಕೆಲವು ಔಷಧಿಗಳು ಹಾಗೂ ರಕ್ತಸಂಬಂಧದ ವಿವಾಹ ಇದರ ಅಪಾಯವನ್ನು ಹೆಚ್ಚಿಸುತ್ತವೆ. ಸೋದರಮಾವನೊಂದಿಗಿನ ವಿವಾಹದ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತುವುದು ಸುಲಭವಲ್ಲ, ಆದರೂ ಎತ್ತಬೇಕಾಗಿದೆ. ಮೂರ್ಛೆಯ ಔಷಧಿಯನ್ನು ತಾವಾಗಿಯೇ ನಿಲ್ಲಿಸದೆ, ಗರ್ಭಧಾರಣೆಗೆ ಮೊದಲೇ ವೈದ್ಯರನ್ನು ಕಾಣುವುದು ಅವಶ್ಯಕ.

ಹೃದಯದಲ್ಲಿ ಯಾವ ದೋಷವೂ ಇಲ್ಲದೆ, ಬಾಣಂತಿಯ ಪಥ್ಯದಿಂದಲೇ ಶಿಶುವಿನ ಹೃದಯ ಸೋಲುವುದುಂಟು. ಹೆರಿಗೆಯ ನಂತರ ಬೇಳೆ, ಸೊಪ್ಪು, ತರಕಾರಿ, ಹಣ್ಣುಗಳನ್ನು ವರ್ಜಿಸಿ, ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನವನ್ನಷ್ಟೇ ಕೊಡುವ ಮನೆಗಳಿವೆ. ಅಕ್ಕಿಯ ತೌಡಿನೊಂದಿಗೆ ಥಯಾಮಿನ್ ಎಂಬ ಬಿ1 ಜೀವಸತ್ವವೂ ಹೊರಟುಹೋಗುತ್ತದೆ. ಹಲವು ಬಾರಿ ತೊಳೆದು ಗಂಜಿ ಬಸಿದರೆ ಉಳಿದುದೂ ಹೋಗುತ್ತದೆ. ತಾಯಿಯ ಹಾಲಿನಲ್ಲಿ ಅದಿಲ್ಲದಿದ್ದರೆ, ಚೆನ್ನಾಗಿಯೇ ಇದ್ದ ಒಂದೆರಡು ತಿಂಗಳ ಕೂಸು ಹಠಾತ್ತನೆ ಹಾಲು ಬಿಟ್ಟು, ಧ್ವನಿ ಒಡೆದು, ಏದುಸಿರು ಬಿಡಲಾರಂಭಿಸುತ್ತದೆ. ಸಕಾಲದಲ್ಲಿ ಗುರುತಿಸಿ ಥಯಾಮಿನ್ ಚುಚ್ಚುಮದ್ದು ನೀಡಿದರೆ ಕೆಲವೇ ಗಂಟೆಗಳಿಂದ ದಿನಗಳಲ್ಲಿ ಚೇತರಿಕೆ ಕಾಣುತ್ತದೆ; ತಡವಾದರೆ ಮಗು ಉಳಿಯದು. ಕರಾವಳಿಯ ಕುಚ್ಚಲಕ್ಕಿಯಲ್ಲಿ ಈ ಸತ್ವ ಬಹುಪಾಲು ಉಳಿಯುತ್ತದೆ. ರಾಗಿ, ಬೇಳೆಕಾಳುಗಳಲ್ಲಿಯೂ ಇದೆ. ಮಾತೃಪೂರ್ಣ ಯೋಜನೆಯ ಊಟವು ಬಾಣಂತಿಯರಿಗೂ ಸಲ್ಲುತ್ತದೆಯಾದರೂ ಪಥ್ಯದ ಕಾರಣಕ್ಕೆ ಅವರು ಅಂಗನವಾಡಿಗೆ ಬಾರದಿದ್ದಲ್ಲಿ ಪ್ರಯೋಜನವಿಲ್ಲ. ಅತ್ತೆಯಂದಿರನ್ನು ಒಪ್ಪಿಸಲು ಸುತ್ತೋಲೆಗಿಂತ ಮಹಿಳಾ ಸದಸ್ಯರ ಮಾತೇ ಹೆಚ್ಚು ಉಪಯುಕ್ತ.

5ರಿಂದ 15 ವರ್ಷದವರಲ್ಲಿ ಕಾರಣ ಬೇರೆ. ಚಿಕಿತ್ಸೆಯಾಗದ ಗಂಟಲುನೋವಿನ ಎರಡು ಮೂರು ವಾರಗಳ ನಂತರ ಜ್ವರ ಹಾಗೂ ಕೀಲಿನಿಂದ ಕೀಲಿಗೆ ಸರಿಯುವ ನೋವು ಬಂದರೆ ಅದು ಸಂಧಿವಾತ ಜ್ವರವಿರಬಹುದು. ಕೀಲು ವಾಸಿಯಾಗುತ್ತದೆ, ಹೃದಯದ ಕವಾಟ ಕೆಡುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳಲ್ಲಿ ಈ ಸೋಂಕು ಸುಲಭವಾಗಿ ಹರಡುವುದರಿಂದ ವಸತಿ ಫಲಾನುಭವಿಗಳ ಪಟ್ಟಿಯೂ ಈ ರೋಗಕ್ಕೆ ಸಂಬಂಧಿಸಿದ್ದೇ ಆಗಿದೆ. ಒಮ್ಮೆ ಈ ಜ್ವರ ಬಂದ ಮಗುವಿಗೆ ಸಾಮಾನ್ಯವಾಗಿ 21 ದಿನಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ಹಲವು ವರ್ಷ ಕೊಡಿಸಬೇಕಾಗುತ್ತದೆ. ನೋವಿಲ್ಲವೆಂದು ನಡುವೆ ಬಿಟ್ಟ ಮಕ್ಕಳೇ ಮತ್ತೆ ಜ್ವರ ಬಂದು ವೈಫಲ್ಯಕ್ಕೆ ಗುರಿಯಾಗುತ್ತಾರೆ. ತೀವ್ರ ರಕ್ತಹೀನತೆಯು ಇಂತಹ ಹೃದಯದ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಶಾಲಾ ಮಕ್ಕಳನ್ನು ಒಂದು ಬಾರಿ ಪರೀಕ್ಷಿಸಬೇಕಾಗಿದ್ದು, ಹೃದಯದ ದೋಷವೂ ಪರೀಕ್ಷೆಯ ಪಟ್ಟಿಯಲ್ಲಿದೆ. ಆ ದಿನ ಗೈರುಹಾಜರಾದ ಮಗು ಲೆಕ್ಕದಿಂದ ಹೊರಗುಳಿಯುತ್ತದೆ. ದೊಡ್ಡ ಆಸ್ಪತ್ರೆಗೆ ಹೋಗುವಂತೆ ಚೀಟಿ ಪಡೆದರೂ ಕೂಲಿ ತಪ್ಪುವುದೆಂದು ಹೋಗದ ಕುಟುಂಬಗಳೂ ಇವೆ. ಗೈರುಹಾಜರಾದವರು ಯಾರು, ಚೀಟಿ ಪಡೆದವರಲ್ಲಿ ಆಸ್ಪತ್ರೆ ತಲುಪಿದವರು ಎಷ್ಟು ಎಂಬುದನ್ನು ಆಶಾ ಕಾರ್ಯಕರ್ತೆಯರಿಂದ ಕೇಳಿ ಪಂಚಾಯಿತಿಯ ಮಾಸಿಕ ಸಭೆಯ ನಡಾವಳಿಯಲ್ಲಿ ದಾಖಲಿಸಬಹುದು.